ಬೀಳೋ ಆಟ

ಬನ್ನಿ ಮಕ್ಕಳೇ, ಕಾಲು ಮಡಚಿ ಕೂತು ಕೇಳಿ.

ಒಂದು ಅಳಿಲು ಮರಿ ಹುಣಸೆಮರದಿಂದ ಬಿತ್ತು. "ನಂಗೆ ಬೀಳೋದೊಂದೇ ಬರೋದು" ಅಂತ ಅವತ್ತಿಂದ ಮರ ಹತ್ತೋದನ್ನೇ ಬಿಟ್ಟಿತು. ನೆಲದ ಮೇಲೆ ಬೆಕ್ಕಿನ ಓಡಾಟ. ಅಳಿಲವ್ವ ಗದರಿದಳು, ಗೋಗರೆದಳು. ಮರಿ ಜಗ್ಗಲಿಲ್ಲ.

ಮರದಡಿ ಮಲಗಿದ್ದ ಮುದಿ ಎಮ್ಮೆಜ್ಜಿ ಕೇಳಿದಳು: "ಬೀಳೋದು ಬರುತ್ತಂತಲ್ಲ ಮರಿ? ಬಾ, ಬೀಳೋ ಆಟ ಆಡೋಣ. ಈ ಹುಲ್ಲಿನ ಮೇಲೆ ಬೀಳು, ನೋಡ್ತೀನಿ."

ಮರಿ ಎಮ್ಮೆಜ್ಜಿಯ ಬೆನ್ನೇರಿ ಅಲ್ಲಿಂದ ಬಿತ್ತು.

"ಇದೂ ಒಂದು ಬೀಳೋದಾ? ನನ್ನ ಸಗಣಿ ಇದಕ್ಕಿಂತ ಜೋರಾಗಿ ಬೀಳುತ್ತೆ!"

ಮರಿಗೆ ನಗು ತಡೆಯಲಾಗಲಿಲ್ಲ. "ಈಗ ನೋಡಜ್ಜಿ!" ಅಂತ ಮರದ ಕೆಳಗಿನ ಕೊಂಬೆಯಿಂದ ಬಿತ್ತು. ಆಮೇಲೆ ಅದರ ಮೇಲಿನದರಿಂದ.

"ಅಯ್ಯೋ, ಮರ ಹತ್ತುತ್ತಿದೆ!" ಅಂದಳು ಅಳಿಲವ್ವ.

"ಶ್! ಅದಕ್ಕಿನ್ನೂ ಗೊತ್ತಾಗಿಲ್ಲ" ಅಂದಳು ಎಮ್ಮೆಜ್ಜಿ.

ಅಷ್ಟರಲ್ಲಿ ಬೆಕ್ಕು ನುಗ್ಗಿತು. ಮರಿ ಸರಸರನೆ ತುದಿಗೇರಿ ಕೂಗಿತು: "ಅವ್ವಾ, ನಾನು ಹತ್ತಿಬಿಟ್ಟೆ!"

ಬೆಕ್ಕು ಇಲಿ ಹುಡುಕಿಕೊಂಡು ಬೇರೆ ಹಿತ್ತಲಿಗೆ ಹೋಯಿತು. ಅಳಿಲವ್ವ ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡಿದಳು. ಮರಿ ಈಗಲೂ ಆಗಾಗ ಬೀಳುತ್ತೆ. ಎಮ್ಮೆಜ್ಜಿ ಮೆಲುಕು ಹಾಕುತ್ತಾ, "ಹ್ಞೂ, ಈ ಸಲ ಚೆನ್ನಾಗಿ ಬಿದ್ದೆ" ಅಂತಾಳೆ. ಮರಿ ಮೈ ಕೊಡವಿಕೊಂಡು ಮತ್ತೆ ಹತ್ತುತ್ತೆ.