ಎಡಮುಖದ ರವೆ

“ಗುರುಗಳೇ, ನಾನು ಮನೆಯನ್ನು ಬಿಡಲೋ, ಮೃದಂಗವನ್ನು ಬಿಡಲೋ?” ಎಂದು ಅಪ್ರಮೇಯನು ಕೇಳಿದನು.

ಹದಿನೆಂಟು ದಿನಗಳಲ್ಲಿ ಹದಿನೆಂಟು ಕಚೇರಿಗಳನ್ನು ಮುಗಿಸಿ, ರೈಲಿನಿಂದ ಇಳಿದವನು ನೇರವಾಗಿ ಗುರುಗಳ ಜಗಲಿಗೆ ಬಂದಿದ್ದನು. ಹೆಸರು ಬೆಳೆಯುತ್ತಿತ್ತು, ಕೈಯ ನಾದ ಒಣಗುತ್ತಿತ್ತು. ಹೆಂಡತಿ ತೌರಿಗೆ ಹೋಗಿ ತಿಂಗಳಾಗಿತ್ತು. ‘ನೀವು ಮನೆಯಲ್ಲಿರುವ ದಿನವನ್ನು ತಿಳಿಸಿದರೆ ನಾನೂ ಬರುತ್ತೇನೆ’ ಎಂದು ಅವಳು ಬರೆದ ಕಾಗದ ಅವನ ಜೇಬಿನಲ್ಲಿತ್ತು.

ಗುರುಗಳು ಹೇಳತೊಡಗಿದರು:

“ಕಚೇರಿಗೆ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದ ಕಾಲ. ಒಬ್ಬ ಮೃದಂಗ ವಿದ್ವಾಂಸನಿದ್ದನು. ನುಡಿಸುವ ಮುನ್ನ ಎಡಮುಖಕ್ಕೆ ಕಲಸಿದ ರವೆಯನ್ನು ಮೆತ್ತುವುದು, ನುಡಿಸಿದ ಮೇಲೆ ಅದನ್ನು ಕೆರೆದು ತೆಗೆಯುವುದು ನಮ್ಮ ವಾದ್ಯದ ಧರ್ಮವಷ್ಟೆ. ಅವನು ಊರಿಗೆ ಮರಳಿದೊಡನೆ ಜಗಲಿಯಲ್ಲಿ ಕುಳಿತು, ಹೆಂಡತಿಯೊಡನೆ ಮಾತನಾಡುತ್ತ ರವೆಯನ್ನು ಕೆರೆಯುವನು. ಆ ಚೂರುಗಳಿಗೆ ಗುಬ್ಬಿಗಳು ಅಂಗಳಕ್ಕೆ ಇಳಿಯುವುವು. ಆ ಬೆಳಗುಗಳ ಸೊಗಸೇ ಸೊಗಸು! ಬಳಿಕ ಕೈ ತೊಳೆದು ಒಳಗೆ ಹೋಗುವನು.

“ಕೀರ್ತಿ ಬಂದಿತು. ಇಂದು ಒಂದೂರು, ನಾಳೆ ಇನ್ನೊಂದೂರು. ‘ನಾಳೆ ಹೇಗೂ ಮೆತ್ತಬೇಕಾದುದೇ, ಇಂದೇಕೆ ಕೆರೆಯಲಿ?’ ಎಂದು ಅವನು ಹಳೆಯ ರವೆಗೇ ನೀರು ಚಿಮುಕಿಸಿ, ಅದರ ಮೇಲೆ ಹೊಸತನ್ನು ಮೆತ್ತತೊಡಗಿದನು. ಮನೆಗೆ ಬಂದರೂ ಮೃದಂಗ ಚೀಲದಿಂದ ಹೊರಬರಲಿಲ್ಲ. ಉಣ್ಣುವಾಗಲೂ ಬೆರಳುಗಳು ಎಲೆಯಂಚಿನಲ್ಲಿ ತಾಳದ ಮುಕ್ತಾಯವನ್ನು ನುಡಿಸುತ್ತಿದ್ದವು.

“‘ಬಡಿಸಿದ್ದು ಹುಳಿಯೋ ಸಾರೋ, ಹೇಳಿ ನೋಡೋಣ’ ಎಂದಳು ಹೆಂಡತಿ.

“‘ಆದಿತಾಳ’ ಎಂದನು.

“‘ಸರಿ, ನಾಳೆಯಿಂದ ಅದನ್ನೇ ಬೇಯಿಸಿಹಾಕುತ್ತೇನೆ’ ಎಂದು ಅವಳು ನಕ್ಕಳು. ಮುಂದಿನ ಸಲ ನಗಲಿಲ್ಲ, ಕೇಳಲೂ ಇಲ್ಲ.

“ಒಂದು ದೊಡ್ಡ ಸಭೆಯಲ್ಲಿ, ಎಡಗೈಯ ಮೊದಲ ಪೆಟ್ಟಿಗೇ ತೊಗಲು ಬಿರಿಯಿತು. ಪದರು ಪದರಾಗಿ ಕಲ್ಲಾಗಿದ್ದ ರವೆ ಅದನ್ನು ಒಳಗೊಳಗೇ ತಿಂದಿತ್ತು. ಅವನು ಊರಿಗೆ ಬಂದು, ಎಷ್ಟೋ ಕಾಲದ ಮೇಲೆ ಜಗಲಿಯಲ್ಲಿ ಕುಳಿತು ಕೆರೆದನು. ರವೆಯೊಡನೆ ತೊಗಲೂ ಕಿತ್ತು ಬಂದಿತು. ಚೂರುಗಳನ್ನು ಅಂಗಳಕ್ಕೆ ಎರಚಿದನು. ಒಂದು ಗುಬ್ಬಿಯೂ ಇಳಿಯಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು, ‘ಅವು ಎಷ್ಟು ದಿನ ಕಾದವು, ಗೊತ್ತೇ?’ ಎಂದಳು.”

ಅಪ್ರಮೇಯನ ಕೈ ತಾನಾಗಿಯೇ ಚೀಲದೊಳಗೆ ಹೋಗಿ ಮೃದಂಗದ ಎಡಮುಖವನ್ನು ತಡವಿತು. ಹದಿನೆಂಟು ಊರುಗಳ ರವೆ ಅಲ್ಲಿ ಗಟ್ಟಿಯಾಗಿ ಕುಳಿತಿತ್ತು.

“ಆ ವಿದ್ವಾಂಸರ ಅಂಗಳಕ್ಕೆ ಗುಬ್ಬಿಗಳು ಮತ್ತೆ ಬಂದವೇ, ಗುರುಗಳೇ?” ಎಂದನು, ಮೆಲ್ಲನೆ.

ಗುರುಗಳು ಬರಿದಾದ ತಮ್ಮ ಅಂಗಳವನ್ನು ಒಂದು ಗಳಿಗೆ ನೋಡಿದರು.

“ನಿನ್ನವು ಇನ್ನೂ ಕಾಯುತ್ತಿವೆ, ಅಪ್ರಮೇಯ.”