ವ್ಯಾಪಾರಿಯ ಕೂಸಿನ ನಿದ್ದೆ

“ಗುರುಗಳೇ, ನಿದ್ದೆ ಕೆಟ್ಟವನು ಕೋಪ ಮಾಡಿಕೊಂಡರೆ ಅದು ತಪ್ಪೇ?”

ಹೀಗೆ ಕೇಳಿದವನು ಮಲ್ಲಿನಾಥನೆಂಬ ಶಿಷ್ಯ. ಸಂಸಾರಸ್ಥ. ಬೆಳಕು ಹರಿಯುವ ಹೊತ್ತಿಗೇ ಮಠಕ್ಕೆ ಬಂದು ಗುರುಗಳ ಮುಂದೆ ನಿಂತಿದ್ದ.

“ಯಾರ ಮೇಲೆ ಕೋಪ?” ಎಂದರು ಗುರುಗಳು.

“ಯಾರ ಮೇಲೆ ಎಂದು ಹೇಳಲಿ? ಮನೆಯಲ್ಲಿ ಎಳೆಗೂಸಿದೆ. ಹಗಲು ತೊಟ್ಟಿಲಿಗೆ ಹಾಕಿದರೆ ಕಣ್ಣು ಮುಚ್ಚಿದಷ್ಟೇ ಬೇಗ ತೆರೆಯುತ್ತದೆ. ಬೆಳಗಿನ ಜಾವ, ಊರೇ ಮಲಗಿರುವಾಗ ಎದ್ದು ಅಳುತ್ತದೆ. ನನ್ನ ಜಪ ಕೆಟ್ಟಿತು, ಓದು ಕೆಟ್ಟಿತು. ನನ್ನ ಹೆಂಡತಿಗೆ ಒಂದು ಕೂಸನ್ನು ಮಲಗಿಸಲು ಬರುವುದಿಲ್ಲ. ಹೇಳಿದರೆ ಅವಳೂ ಅಳುತ್ತಾಳೆ. ಕೂಸು ದೊಡ್ಡದಾಗುವವರೆಗೆ ನಾನು ಮಠದಲ್ಲೇ ಮಲಗುತ್ತೇನೆ. ಅಪ್ಪಣೆ ಕೊಡಬೇಕು.”

ಗುರುಗಳು ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. “ಕೂತುಕೋ” ಎಂದರು. ಅವರ ದನಿಯಲ್ಲಿ ಎಂದಿನ ಮೆದುತನ ಇರಲಿಲ್ಲ. ಮಲ್ಲಿನಾಥ ಕೂತ. ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಆ ಬೀದಿಗೆ ಅವನೇ ಹಿರಿಯ. ಅವನು ಹೇಳಿದ ಮಾತನ್ನು ಬೀದಿಯವರು ತೆಗೆದುಹಾಕುತ್ತಿರಲಿಲ್ಲ. ಅವನಿಗೆ ಬಹಳ ಕಾಲ ಮಕ್ಕಳಿರಲಿಲ್ಲ. ಆಮೇಲೆ ಒಂದು ಹೆಣ್ಣು ಕೂಸು ಹುಟ್ಟಿತು. ವ್ಯಾಪಾರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬೀದಿಗೆಲ್ಲ ಸಕ್ಕರೆ ಹಂಚಿದ. ಕಂಡವರಿಗೆಲ್ಲ ಕೂಸಿನ ಮಾತು.

ಅವನು ಬೆಳಿಗ್ಗೆ ಅಂಗಡಿಗೆ ಹೋದರೆ ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಮನೆಗೆ ಬರುತ್ತಿದ್ದ. ಬರುವಾಗ ಒಬ್ಬನೇ ಬರುತ್ತಿರಲಿಲ್ಲ. ಒಂದಿಬ್ಬರು ಗೆಳೆಯರು ಜೊತೆಗಿರುತ್ತಿದ್ದರು. ಒಂದು ದಿನ ಹಾಗೆ ಬಂದು ನೋಡಿದರೆ ಕೂಸು ಮಲಗಿತ್ತು.

“ನನ್ನ ಮಗಳ ಮುಖ ನೋಡುವುದಕ್ಕೂ ನನಗೆ ಪುಣ್ಯವಿಲ್ಲವೇ? ನಾನು ಬರುವವರೆಗೆ ಮಲಗಿಸಬೇಡ” ಎಂದು ಹೆಂಡತಿಗೆ ಹೇಳಿದ.

ಹೆಂಡತಿಯ ಹೆಸರು ನೀಲಮ್ಮ. ಅವಳು, “ಸಂಜೆಯಾದರೆ ಅದು ಕಣ್ಣು ಉಜ್ಜಿಕೊಳ್ಳುತ್ತದೆ. ಆಗ ಮಲಗಿಸದಿದ್ದರೆ ರಚ್ಚೆ ಹಿಡಿಯುತ್ತದೆ” ಎಂದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂದಿನಿಂದ ಅವಳು ಕೂಸನ್ನು ಎಚ್ಚರವಾಗಿಡಲು ಕಲಿತಳು. ಅದು ತಲೆ ವಾಲಿಸಿದರೆ ಮುಖ ತೊಳೆಯುವಳು. ಹೆಗಲಿಗೆ ಒರಗಿದರೆ ಅಂಗಳಕ್ಕೆ ಒಯ್ದು ಹಸುವನ್ನು ತೋರಿಸುವಳು. ಗಿಲಕಿ ಆಡಿಸುವಳು. ಕೂಸು ಅಳುತ್ತಿತ್ತು, ಬಿಕ್ಕುತ್ತಿತ್ತು, ಮತ್ತೆ ಕಣ್ಣು ಉಜ್ಜಿಕೊಳ್ಳುತ್ತಿತ್ತು. ಕೊನೆಗೆ ವ್ಯಾಪಾರಿ ಬರುತ್ತಿದ್ದ. ಅದನ್ನು ಎತ್ತಿ ಗಾಳಿಗೆ ತೂರಿ ಹಿಡಿಯುತ್ತಿದ್ದ. ಗೆಳೆಯರು ಕೆನ್ನೆ ಹಿಂಡುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು. ಕೂಸು ಕೇಕೆ ಹಾಕುತ್ತಿತ್ತು. ಅವರ ಮನಸ್ಸು ತಣಿದ ಮೇಲೆ ವ್ಯಾಪಾರಿ ಅದನ್ನು ಹೆಂಡತಿಯ ಕೈಗೆ ಕೊಟ್ಟು ಊಟಕ್ಕೆ ಕೂರುತ್ತಿದ್ದ. ಆಗ ಕೂಸಿಗೆ ನಿದ್ದೆ ಬೇಕು, ಆದರೆ ಬಾರದು. ದಣಿವು ಹದ ಮೀರಿದ ಕೂಸು ಬೆನ್ನು ಬಿಲ್ಲಿನಂತೆ ಬಗ್ಗಿಸಿ ಕಿರುಚುತ್ತಿತ್ತು. ಹೇಗೋ ಮಲಗಿದರೆ ಬೆಳಗಿನ ಜಾವಕ್ಕೆ ಮುಂಚೆಯೇ ಎಚ್ಚರವಾಗುತ್ತಿತ್ತು. ಹಗಲು ತೊಟ್ಟಿಲಿಗೆ ಹಾಕಿದರೆ ನೀಲಮ್ಮ ತನ್ನ ತಟ್ಟೆಗೆ ಅನ್ನ ಬಡಿಸಿಕೊಳ್ಳುವಷ್ಟರಲ್ಲಿ ಎದ್ದುಬಿಡುತ್ತಿತ್ತು.

ವ್ಯಾಪಾರಿಗೆ ಬೆಳಗಿನ ನಿದ್ದೆ ಕೆಟ್ಟಿತು. ಅಂಗಡಿಯಲ್ಲಿ ಆಕಳಿಕೆ. ಗಿರಾಕಿಗಳ ಮೇಲೆ ಸಿಡುಕು. ಅವನಿಗೆ ಸಿಟ್ಟು ಬಂತು. ಯಾರೋ ತಪ್ಪು ಮಾಡಿರಬೇಕು, ಇಲ್ಲದಿದ್ದರೆ ಹೀಗಾಗಲು ಕಾರಣವಿಲ್ಲ ಎಂದು ಅವನಿಗೆ ಖಚಿತವಾಯಿತು.

ಪಕ್ಕದ ಮನೆಯಲ್ಲಿ ಒಬ್ಬ ಕಂಚುಗಾರನಿದ್ದ. ತಂದೆಯ ಕಾಲದಿಂದ ಅಲ್ಲೇ ಪಾತ್ರೆ ಬಡಿಯುತ್ತಿದ್ದವನು. ವ್ಯಾಪಾರಿ ಅವನನ್ನು ಬೀದಿಯ ನಡುವೆ ನಿಲ್ಲಿಸಿ, “ನಿನ್ನ ಸುತ್ತಿಗೆ ನನ್ನ ಮಗಳ ನಿದ್ದೆ ಕೆಡಿಸುತ್ತಿದೆ. ನಿನಗೆ ನಾಚಿಕೆಯಾಗುವುದಿಲ್ಲವೇ?” ಎಂದು ಗದರಿದ.

“ಧಣಿ, ನಿಮ್ಮ ಕೂಸು ಅತ್ತ ಮೇಲೆ ನಾನು ಏಳುವುದು. ಎದ್ದು ಸುಮ್ಮನೆ ಕೂರುವುದೇಕೆ ಎಂದು ಕೆಲಸ ಹಿಡಿಯುತ್ತೇನೆ” ಎಂದ ಕಂಚುಗಾರ.

ನಿಂತವರು ನಕ್ಕರು. ವ್ಯಾಪಾರಿಗೆ ಆ ನಗು ಸಹಿಸಲಾಗಲಿಲ್ಲ. ಬೀದಿಯ ಹಿರಿಯರನ್ನು ಕೂಡಿಸಿದ. ಈ ಬೀದಿ ಜವಳಿಯವರದ್ದು, ಇಲ್ಲಿ ಕುಲುಮೆ ಇರಕೂಡದು ಎಂದು ತೀರ್ಮಾನ ಮಾಡಿಸಿದ. ಕಂಚುಗಾರ ಗಾಡಿಯಲ್ಲಿ ತನ್ನ ಅಡಿಗಲ್ಲು, ತಿದಿ ಹೇರಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಊರಾಚೆಗೆ ಹೋದ. ಯಾರೂ ಎದುರು ಮಾತಾಡಲಿಲ್ಲ.

ಬೀದಿ ನಿಶ್ಶಬ್ದವಾಯಿತು. ಕೂಸು ಎಂದಿನಂತೆ ಬೆಳಗಿನ ಜಾವಕ್ಕೆ ಮುಂಚೆ ಎದ್ದಿತು.

ಆಗ ವ್ಯಾಪಾರಿಯ ಸಿಟ್ಟು ಮನೆಯೊಳಕ್ಕೆ ಬಂತು. ಅವನ ತಾಯಿ, “ಅವಳ ಹಾಲೇ ತೆಳು. ಹೊಟ್ಟೆ ತುಂಬಿದ ಕೂಸು ಹೀಗೆ ಏಳುತ್ತದೆಯೇ? ನಾನೂ ಮಕ್ಕಳನ್ನು ಹೆತ್ತಿದ್ದೇನೆ” ಎಂದಳು. ಮಗ ಆ ಮಾತನ್ನು ಹಿಡಿದುಕೊಂಡ. ನೀಲಮ್ಮ ಏನು ತಿಂದಳು, ಏನು ಕುಡಿದಳು, ಯಾವ ಕೈಯಲ್ಲಿ ತೊಟ್ಟಿಲು ತೂಗಿದಳು, ಎಲ್ಲವೂ ತಪ್ಪಾಯಿತು. ಕೂಸು ಎದ್ದಾಗೆಲ್ಲ ಅದನ್ನು ಎತ್ತಿಕೊಂಡು ಓಡಾಡಿದವಳು ಅವಳೊಬ್ಬಳೇ. ನಿಂತಲ್ಲೇ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಒಲೆಯ ಮುಂದೆ ಕೂತು ತೂಕಡಿಸಿ ಸೀರೆಯ ಸೆರಗು ಸುಟ್ಟುಕೊಂಡಳು. ಅದಕ್ಕೂ ಬೈಗುಳ. ನಿದ್ದೆಯ ಬಗ್ಗೆ ಆ ಮನೆಯಲ್ಲಿ ಇಡೀ ದಿನ ಮಾತು. ಅವಳ ನಿದ್ದೆಯ ಬಗ್ಗೆ ಮಾತ್ರ ಒಬ್ಬರೂ ಕೇಳಲಿಲ್ಲ.

ಅಂಥ ಹೊತ್ತಿನಲ್ಲಿ ಒಬ್ಬ ಪರವೂರಿನ ಔಷಧಿ ಮಾರುವವನು ಅಂಗಡಿಗೆ ಬಂದ. ವ್ಯಾಪಾರಿ ತನ್ನ ಗೋಳು ಹೇಳಿಕೊಂಡ. ಬಂದವನು ಒಂದು ಕಪ್ಪು ಗುಳಿಗೆ ಕೊಟ್ಟು, “ಜೇನಿನಲ್ಲಿ ತೇದು ನಾಲಿಗೆಗೆ ಸವರಿ. ಹೂವಿನಂತೆ ಮಲಗುತ್ತದೆ” ಎಂದ.

“ಇದು ಏನು?”

“ನಿಮಗೆ ನಿದ್ದೆ ಬೇಕೋ, ಅದರ ಹೆಸರು ಬೇಕೋ?”

ವ್ಯಾಪಾರಿ ಮತ್ತೆ ಕೇಳಲಿಲ್ಲ. ಅಂದು ಮನೆಗೆ ಬಂದವನು ಹೆಂಡತಿಗೆ ಹೇಳದೆ ಗುಳಿಗೆಯನ್ನು ಜೇನಿನಲ್ಲಿ ತೇದು, ಬೆರಳು ಅದ್ದಿ ಕೂಸಿಗೆ ನೆಕ್ಕಿಸಿದ. “ಜೇನು ತಂದಿದ್ದೇನೆ, ಒಳ್ಳೆಯ ಜೇನು” ಎಂದ. ಕೂಸು ಚಪ್ಪರಿಸಿತು. ಸ್ವಲ್ಪ ಹೊತ್ತಿಗೆ ಅದರ ಕೈಕಾಲು ಸಡಿಲವಾಯಿತು. ಅಳಲಿಲ್ಲ, ರಚ್ಚೆ ಹಿಡಿಯಲಿಲ್ಲ. ನೀಲಮ್ಮ ದೇವರಿಗೆ ಕೈ ಮುಗಿದು, ಎಷ್ಟೋ ಕಾಲದ ಮೇಲೆ ಚಾಪೆಯ ಮೇಲೆ ಉದ್ದಕ್ಕೆ ಮಲಗಿದಳು.

ಅವಳನ್ನು ಎಬ್ಬಿಸಿದ್ದು ಅಳುವಲ್ಲ. ಎದೆಯಲ್ಲಿ ಹಾಲು ಕಟ್ಟಿ ನೋವಾಗಿ ಎದ್ದಳು. ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಕೂಸು ಇಟ್ಟಲ್ಲೇ ಇತ್ತು. ಎತ್ತಿದಳು. ತಲೆ ಹಿಂದಕ್ಕೆ ಜೋತಿತು. ಬಾಯಿಗೆ ಮೊಲೆ ಇಟ್ಟಳು. ಹಾಲು ತುಟಿಯಿಂದ ಕೆಳಕ್ಕೆ ಹರಿಯಿತು. ಕೂಸು ಚೀಪಲಿಲ್ಲ. ತುಟಿಯ ಬಣ್ಣ ಬದಲಾಗಿತ್ತು.

ಅವಳು ಕೂಗಿದ ಕೂಗಿಗೆ ವ್ಯಾಪಾರಿ ಎದ್ದು ಬಂದ. ಕೂಸಿನ ಮುಖ ನೋಡಿದ. ತಾನು ಮಾಡಿದ್ದನ್ನು ಹೇಳಿದ. ಅವಳು ಅವನತ್ತ ತಿರುಗಲಿಲ್ಲ. “ಓಡಿ, ವೈದ್ಯರನ್ನು ಕರೆದುಕೊಂಡು ಬನ್ನಿ” ಎಂದಳು.

ವೈದ್ಯರು ಬಂದು ಕೂಸಿನ ಕಣ್ಣು ಬಿಡಿಸಿ ನೋಡಿದರು. ಅದರ ಬಾಯಿಯನ್ನು ಮೂಸಿದರು. “ಅಫೀಮು ಕೊಟ್ಟವರು ಯಾರು? ಕೂಸಿಗೆ ಯಾರಾದರೂ ಅಫೀಮು ಕೊಡುತ್ತಾರೆಯೇ? ಈಗ ಇದನ್ನು ಮಲಗಲು ಬಿಡಬೇಡಿ. ಉಸಿರು ನಿಲ್ಲದ ಹಾಗೆ ನೋಡಿಕೊಳ್ಳಿ” ಎಂದರು.

ನೀಲಮ್ಮ ಕೂಸಿನ ಅಂಗಾಲಿಗೆ ತಣ್ಣೀರು ಬಟ್ಟೆ ಒತ್ತಿದಳು. ಹೊಡೆದಳು. ಬೆನ್ನು ಉಜ್ಜಿದಳು. ಉಸಿರು ಮೆಲ್ಲಗಾದಾಗ ಅದರ ಹೆಸರು ಹಿಡಿದು ಕಿರುಚಿದಳು. ಅದು ಕಣ್ಣು ಮುಚ್ಚಿದಂತೆಲ್ಲ ಮತ್ತೆ ಹೊಡೆದಳು. ವ್ಯಾಪಾರಿ ಬಾಗಿಲ ಬಳಿ ನಿಂತಿದ್ದ. ಯಾವ ಅಳುವಿಗಾಗಿ ಒಬ್ಬ ಮನುಷ್ಯನನ್ನು ಊರು ಬಿಡಿಸಿದ್ದನೋ ಆ ಅಳು ಒಂದು ಸಲ ಕೇಳಲಿ ಎಂದು ಬೇಡಿಕೊಳ್ಳುತ್ತಿದ್ದ.

ಬಿಸಿಲು ನೆತ್ತಿಗೆ ಬಂತು. ಕೂಸು ಮೊದಲು ಮೂಗು ಸೊಟ್ಟ ಮಾಡಿತು. ಆಮೇಲೆ ಕೆಳತುಟಿ ನಡುಗಿತು. ಆಮೇಲೆ ಅತ್ತಿತು. ಮನೆ ತುಂಬುವ ಹಾಗೆ ಅತ್ತಿತು.

ವ್ಯಾಪಾರಿ ಎರಡೂ ಕೈ ಚಾಚಿ ಮುಂದೆ ಬಂದ. ನೀಲಮ್ಮ ಕೂಸನ್ನು ಕೊಡಲಿಲ್ಲ.

“ಅಲ್ಲೇ ನಿಲ್ಲಿ” ಎಂದಳು. ಮದುವೆಯಾದಂದಿನಿಂದ ಅವಳು ಆ ದನಿಯಲ್ಲಿ ಮಾತಾಡಿರಲಿಲ್ಲ. “ಸಂಜೆ ಇದಕ್ಕೆ ನಿದ್ದೆ ಬರುತ್ತದೆ ಎಂದು ನಾನು ಹೇಳಿದ್ದೆ. ನೀವು ಮಲಗಲು ಬಿಡಲಿಲ್ಲ. ನಿಮ್ಮ ಗೆಳೆಯರಿಗೆ ಆಟವಾಡಲು ಒಂದು ಗೊಂಬೆ ಬೇಕಿತ್ತು. ಹೊತ್ತಿಗೆ ಮಲಗದ ಕೂಸು ನೆಮ್ಮದಿಯಾಗಿ ಮಲಗುವುದೂ ಇಲ್ಲ, ಹೊತ್ತಿಗೆ ಏಳುವುದೂ ಇಲ್ಲ. ಇದನ್ನು ಯಾವ ತಾಯಿಯಾದರೂ ಹೇಳುತ್ತಾಳೆ. ನಿಮ್ಮ ತಾಯಿಗೂ ಗೊತ್ತಿತ್ತು, ಹೇಳಲಿಲ್ಲ. ಕಂಚುಗಾರನ ತಪ್ಪು ಎಂದಿರಿ. ನನ್ನ ಹಾಲಿನ ತಪ್ಪು ಎಂದಿರಿ. ಕೊನೆಗೆ ಕೂಸಿನದೇ ತಪ್ಪು ಎಂದು ಅದರ ಬಾಯಿಗೆ ವಿಷ ಹಾಕಿದಿರಿ. ಒಂದೇ ಒಂದು ಸಂಜೆ ಇದನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದರೆ ಇದು ಕಣ್ಣು ಉಜ್ಜುವುದು ನಿಮಗೂ ಕಾಣುತ್ತಿತ್ತು.”

ಮುದುಕಿ ಒಳಮನೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು.  ವ್ಯಾಪಾರಿ ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದು ಬಾಗಿಲ ಬಳಿ ಕೂತ.

ಅಂದಿನಿಂದ ಆ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಕೂಸನ್ನು ಮಲಗಿಸುತ್ತಿದ್ದರು. ಬಾಗಿಲಿಗೆ ಕಂಬಳಿ ಕಟ್ಟುತ್ತಿದ್ದರು. ಗೆಳೆಯರು ಬಂದರೆ ವ್ಯಾಪಾರಿ ಜಗಲಿಯಿಂದಲೇ ಕಳಿಸುತ್ತಿದ್ದ. ಒಬ್ಬ ಗೆಳೆಯ, “ಹೆಂಡತಿಯ ಮಾತಿಗೆ ಹೆದರುತ್ತೀಯಾ?” ಎಂದು ನಕ್ಕ. “ಹೌದು” ಎಂದ ವ್ಯಾಪಾರಿ. ಆ ಗೆಳೆಯ ಮತ್ತೆ ಬರಲಿಲ್ಲ.

ಕೂಸು ಮರುದಿನವೇ ಸರಿಹೋಗಲಿಲ್ಲ. ಎಳೆಗೂಸು ಯಾರ ಹೇಳಿಕೆಯಂತೆಯೂ ಮಲಗುವುದಿಲ್ಲ. ರಚ್ಚೆ ನಿಂತಿತು, ಆದರೆ ಹಗಲಿನ ನಿದ್ದೆ ಇನ್ನೂ ತುಂಡು ತುಂಡಾಗಿಯೇ ಇತ್ತು. ಬೆಳಗಿನ ಜಾವ ಏಳುವುದೂ ಬಿಡಲಿಲ್ಲ. ಆದರೆ ಈಗ ಕೂಸು ಎದ್ದು ಹಾಲು ಕುಡಿದ ಕೂಡಲೇ ವ್ಯಾಪಾರಿ ಅದನ್ನು ಎತ್ತಿಕೊಳ್ಳುತ್ತಿದ್ದ. ನೀಲಮ್ಮ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅವನು ಅದನ್ನು ಹೊದಿಕೆಯಲ್ಲಿ ಸುತ್ತಿ ಜಗಲಿಯಲ್ಲಿ ಓಡಾಡುತ್ತಿದ್ದ. ಮೊದಮೊದಲು ಅವನ ತೋಳು ಸೋಲುತ್ತಿತ್ತು, ಕಣ್ಣು ಉರಿಯುತ್ತಿತ್ತು. ಕೂಸು ಅವನ ಮೀಸೆ ಹಿಡಿದು ಎಳೆಯುತ್ತಿತ್ತು. ಗೆಳೆಯರೆದುರು ತೂರಿ ಹಿಡಿಯುವಾಗ ಕಾಣದ ಎಷ್ಟೋ ಸಂಗತಿ ಅವನಿಗೆ ಆಗ ಕಂಡಿತು. ಅದು ಹಕ್ಕಿಯ ದನಿಗೆ ಕತ್ತು ತಿರುಗಿಸುವುದು ಕಂಡಿತು. ನಗುವುದಕ್ಕೆ ಮುಂಚೆ ಉಸಿರು ಬಿಗಿಹಿಡಿಯುವುದು ಕಂಡಿತು. ಹಲ್ಲು ಬರುವ ಹೊತ್ತಿಗೆ ಕೂಸಿನ ನಿದ್ದೆ ತಾನಾಗಿಯೇ ಉದ್ದವಾಗತೊಡಗಿತು.

ವ್ಯಾಪಾರಿ ಊರಾಚೆಗೂ ಹೋದ. ಕಂಚುಗಾರನ ಮುಂದೆ ನಿಂತು, “ತಪ್ಪಾಯಿತು, ಬೀದಿಗೆ ವಾಪಸು ಬಾ. ಹಿರಿಯರಿಗೆ ನಾನೇ ಹೇಳುತ್ತೇನೆ” ಎಂದ.

ಕಂಚುಗಾರ ಸುತ್ತಿಗೆ ಕೆಳಗಿಟ್ಟ. “ಬೀದಿಯ ನಡುವೆ ನಿಲ್ಲಿಸಿ ಬೈದಿರಿ. ತಪ್ಪಾಯಿತು ಎನ್ನಲು ಯಾರೂ ಇಲ್ಲದ ಕಡೆ ಬಂದಿದ್ದೀರಿ” ಎಂದ. ಮತ್ತೆ ಸುತ್ತಿಗೆ ಎತ್ತಿಕೊಂಡ. ಅವನು ವಾಪಸು ಬರಲಿಲ್ಲ. ವ್ಯಾಪಾರಿ ಬೀದಿಯವರನ್ನು ಕೂಡಿಸಿ ಎಲ್ಲರೆದುರು ತನ್ನ ತಪ್ಪು ಹೇಳಿಕೊಂಡ. ಆಗಲೂ ಕಂಚುಗಾರ ಬರಲಿಲ್ಲ. ಬರಬೇಕಾದ ಹಂಗು ಅವನಿಗೇನೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಮಲ್ಲಿನಾಥನ ಮುಖ ಕೆಂಪಾಗಿತ್ತು. “ಅಂಥವನನ್ನು ಕಟ್ಟಿಹಾಕಿ ಹೊಡೆಯಬೇಕಿತ್ತು, ಗುರುಗಳೇ. ಹೆತ್ತ ಕೂಸಿಗೆ ಅಫೀಮು! ಕೇಳಿದರೆ ಮೈ ಉರಿಯುತ್ತದೆ. ನಾನು ಅಂಥವನಲ್ಲ. ಕೂಸನ್ನು ಎಚ್ಚರವಾಗಿಡು ಎಂದು ನಾನು ಎಂದೂ ಹೇಳಿದವನಲ್ಲ. ಯಾರನ್ನೂ ಊರು ಬಿಡಿಸಿಲ್ಲ. ನನ್ನ ಕೂಸಿನ ಮೈಗೆ ಸೊಳ್ಳೆ ಕಚ್ಚಿದರೂ ನನ್ನ ಕರುಳು ಚುರ್ ಎನ್ನುತ್ತದೆ. ನನಗೂ ಅವನಿಗೂ ಏನು ಸಂಬಂಧ?”

“ಈಗ ನಿನ್ನ ಕೂಸು ಯಾರ ತೋಳಿನಲ್ಲಿದೆ, ಮಲ್ಲಿನಾಥ?” ಎಂದರು ಗುರುಗಳು.