ಎಡಬಲದ ತಂತಿ

“ಗುರುಗಳೇ, ನನ್ನಿಂದ ಒಂದು ತಪ್ಪಾಗಿದೆ. ಅದಿನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ನಾನಾಗಿ ಹೇಳಲೇಬೇಕೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಘಟ್ಟದ ಮೇಲಿನ ಊರೊಂದರಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಬ್ರೇಕಿನ ಕೆಲಸದಲ್ಲಿ ಅವನದು ಎತ್ತಿದ ಕೈ. ಒಂದು ಮಧ್ಯಾಹ್ನ ಒಬ್ಬ ಶಿಕ್ಷಕಿ ತನ್ನ ಕಾರು ತಂದಳು. ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ಕಾಯುವ ಎಬಿಎಸ್ ಕೆಟ್ಟು, ಅದರ ಹಳದಿ ದೀಪ ಉರಿಯುತ್ತಲೇ ಇತ್ತು. ಮುಂದಿನ ಎರಡೂ ಚಕ್ರಗಳ ವೇಗ ಅಳೆಯುವ ಸೆನ್ಸರ್ ತಂತಿಗಳನ್ನು ಇಲಿ ಕಡಿದಿತ್ತು. ಅವನು ಕಡಿದ ಭಾಗ ಕತ್ತರಿಸಿ ಹೊಸ ತಂತಿ ಜೋಡಿಸಿದ. ದೀಪ ಆರಿತು. ಸ್ಕ್ಯಾನರ್ ಹಚ್ಚಿದರೆ ದೋಷವೇನೂ ಇಲ್ಲವೆಂದು ತೋರಿಸಿತು. ಶಿಕ್ಷಕಿ ತಾಯಿಯನ್ನು ಕೂರಿಸಿಕೊಂಡು ಘಟ್ಟ ಇಳಿಯಲು ಹೊರಟಳು.

ಕಸ ಗುಡಿಸುವಾಗ ಹಳೆಯ ತಂತಿಯ ತುಂಡುಗಳು ಅವನ ಕೈಗೆ ಬಂದವು. ಎಡದ್ದೆಂದು ತಾನು ಕತ್ತರಿಸಿದ ತುಂಡಿನ ಮೇಲೆ ಬಲಚಕ್ರದ ಗುರುತಿತ್ತು. ಎಡದ ತಂತಿಯನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಜೋಡಿಸಿಬಿಟ್ಟಿದ್ದ. ನೇರ ರಸ್ತೆಯಲ್ಲಿ ಇದು ತಿಳಿಯುವುದಿಲ್ಲ. ಒದ್ದೆ ತಿರುವಿನಲ್ಲಿ ಒಂದು ಚಕ್ರ ಜಾರಿದರೆ, ಹಿಡಿತವಿರುವ ಇನ್ನೊಂದು ಚಕ್ರದ ಬ್ರೇಕನ್ನೇ ಎಬಿಎಸ್ ಸಡಿಲಿಸಿಬಿಡುತ್ತದೆ. ಹೊರಗೆ ಮಳೆ ಹನಿಯುತ್ತಿತ್ತು.

ಫೋನ್ ಮಾಡಿದ. ಆಕೆ ಎತ್ತಲಿಲ್ಲ. ಮತ್ತೆ ಮಾಡಿದ. ಕಾಯುತ್ತಾ ಕುಳಿತ ಗಿರಾಕಿಗಳು ಅವನನ್ನೇ ನೋಡುತ್ತಿದ್ದರು. ಏನೂ ಆಗದೆ ಊರು ಮುಟ್ಟಿಯಾಳು ಎಂದು ಮನಸ್ಸು ಹೇಳಿತು. ಒಂದು ಕ್ಷಣ ಅವನು ಅದನ್ನು ನಂಬಿದ. ಆಮೇಲೆ ಸ್ಕ್ಯಾನರನ್ನೂ ಸಾಮಾನನ್ನೂ ಚೀಲಕ್ಕೆ ತುರುಕಿ ಬೈಕ್ ಹತ್ತಿದ.

ಪ್ರತಿ ತಿರುವಿನಲ್ಲೂ ನಿಧಾನಿಸಿ ಕೆಳಗಿನ ಕಮರಿಯನ್ನು ಇಣುಕಿದ. ಐದನೆಯ ತಿರುವಿನಾಚೆ ಕೆಟ್ಟು ನಿಂತ ಲಾರಿಯೊಂದರ ಹಿಂದೆ ವಾಹನಗಳ ಸಾಲಿತ್ತು. ಅದರಲ್ಲಿ ಆಕೆಯ ಕಾರಿತ್ತು. ಸಾಲು ಆಗಲೇ ಕದಲುತ್ತಿತ್ತು. ಅವನು ಬೈಕನ್ನು ಕಾರಿಗೆ ಅಡ್ಡ ನಿಲ್ಲಿಸಿದ.

“ಮೇಡಂ, ಮುಂದೆ ಹೋಗಬೇಡಿ. ಎಡಬಲದ ತಂತಿ ಅದಲುಬದಲಾಗಿದೆ. ತಪ್ಪು ನನ್ನದು.”

“ದೋಷ ಇಲ್ಲ ಅಂತ ಯಂತ್ರದಲ್ಲಿ ನೀವೇ ತೋರಿಸಿದಿರಲ್ಲ?”

“ಅದಕ್ಕೆ ಗೊತ್ತಾಗುವುದಿಲ್ಲ ಮೇಡಂ. ನನಗೆ ಗೊತ್ತಾಗಿದೆ.”

ರಸ್ತೆಯ ಅಂಚಿನಲ್ಲಿ ಜಾಕ್ ಹಾಕಿ ತಂತಿಗಳನ್ನು ಸರಿಯಾದ ಬದಿಗೆ ಜೋಡಿಸಿದ. ಒಂದೊಂದೇ ಚಕ್ರವನ್ನು ಕೈಯಿಂದ ತಿರುಗಿಸಿ, ಸ್ಕ್ಯಾನರಿನಲ್ಲಿ ಯಾವುದು ತಿರುಗಿದಂತೆ ಕಾಣುತ್ತದೆಂದು ನೋಡಿದ. ಮುದುಕಿ ತಾಯಿ ಅವನ ಮೇಲೆ ಕೊಡೆ ಹಿಡಿದು ನಿಂತಳು. ಮುಂದೆ ಶಿಕ್ಷಕಿ ಅವನ ಗ್ಯಾರೇಜಿಗೆ ಎಂದೂ ಬರಲಿಲ್ಲ.

ಗುರುಗಳು ಕಥೆ ಮುಗಿಸಿದರು.

“ಹಾಗಾದರೆ ಹೇಳಿದ್ದರಿಂದ ಅವನು ಒಬ್ಬ ಗಿರಾಕಿಯನ್ನೇ ಕಳೆದುಕೊಂಡನಲ್ಲ?” ಎಂದ ಶಿಷ್ಯ.

“ನಿನ್ನನ್ನು ನಂಬಿ ಹೊರಟವರು ಈಗ ಯಾವ ತಿರುವಿನಲ್ಲಿದ್ದಾರೆ?” ಎಂದರು ಗುರುಗಳು.